ಬಾಪನ ಕೈಯ ಹಿಟ್ಟು

ನಾನು ಚಿಕ್ಕಂದಿನಿಂದಲೂ ಅಧಿಕಪ್ರಸಂಗಿ. ಇದು ನನ್ನ ಮಾತಲ್ಲ, ಉಮ್ಮನದ್ದು. ಉಮ್ಮ ಎಂದರೆ ಅಮ್ಮ, ಬಾಪ ಎಂದರೆ ಅಪ್ಪ. ನಮ್ಮ ಮನೆಯ ಬ್ಯಾರಿ ಭಾಷೆಯಲ್ಲಿ ಹಾಗೆ. ಅವರಾಡಿದ ಮಾತುಗಳನ್ನು ಇಲ್ಲಿ ಮಂಗಳೂರಿನ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ. ಯಾಕೆ, ಹೇಗೆ, ಎಂತಕ್ಕೆ ಎಂದು ಕೇಳಿ ಕೇಳಿ ನಾನು ದೊಡ್ಡವರ ತಲೆ ತಿನ್ನುತ್ತಿದ್ದೆ. ಹಾಗೆ ತಿಂದದ್ದು ಒಂದೇ ಒಂದು ಸಲ ಮನೆಗೆ ಉಪಯೋಗಕ್ಕೆ ಬಂತು.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಹನ್ನೊಂದರ ಹುಡುಗಿ. ಮಂಗಳೂರು ಪೇಟೆಯ ಫಳ್ನೀರಿನ ರಸ್ತೆ ಬದಿಯಲ್ಲಿ ಬಾಪನ ಸಣ್ಣ ಬೇಕರಿ, ಅದರ ಬೆನ್ನಿಗೇ ನಮ್ಮ ಮನೆ, ನಡುವೆ ಒಂದೇ ಬಾಗಿಲು. ಬೋರ್ಮ ಎಂದು ನಾವು ಕರೆಯುವ ಇಟ್ಟಿಗೆಯ ದೊಡ್ಡ ಒಲೆ ಬಾಗಿಲಿನ ಆಚೆಗಿತ್ತು, ಅದರ ಬಿಸಿ ಮಾತ್ರ ಈಚೆಗೆ ನಾವು ಮಲಗುವ ಕೋಣೆಯ ಗೋಡೆಗೆ ಬರುತ್ತಿತ್ತು. ಬ್ರೆಡ್, ರಸ್ಕ್, ಬೆಣ್ಣೆ ಬಿಸ್ಕತ್ತು, ಹಬ್ಬಕ್ಕೆ ಕೇಕು. ಕ್ರಿಸ್‌ಮಸ್ ಬಂತೆಂದರೆ ಸುತ್ತಲಿನ ಕೊಂಕಣಿ ಮಾತಾಡುವ ಹೆಂಗಸರು ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಪಾತ್ರೆಗಳಲ್ಲಿ ತಂದು, ನಮ್ಮಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ಅದನ್ನು ತಗಡಿನ ಅಚ್ಚಿಗೆ ಸುರಿಯುವ ಕೆಲಸ ಬಾಪನದ್ದೇ. ಬಾಪ ಸುರಿದ ಕೇಕು ತಳ ಹಿಡಿಯುವುದಿಲ್ಲ ಎಂದು ಅವರಲ್ಲೆಲ್ಲ ಹೆಸರಿತ್ತು. ಆ ಹೆಸರಿನ ಬಗ್ಗೆ ಬಾಪನಿಗೆ ಒಳಗೊಳಗೇ ಜಂಬವಿತ್ತು.

ನನಗೊಬ್ಬಳು ತಂಗಿ. ಆಗ ಅವಳಿಗೆ ಆರು ವರ್ಷ. ಆದರೆ ಅವಳು ನಮ್ಮ ಜೊತೆಗಿರಲಿಲ್ಲ. ಮೂರು ವರ್ಷಗಳಿಂದ ವಾಮಂಜೂರಿನಲ್ಲಿ, ಉಮ್ಮನ ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಕಾರಣ ಅವಳ ಹೊಟ್ಟೆ. ಫಳ್ನೀರಿನಲ್ಲಿದ್ದರೆ ಹೊಟ್ಟೆ ಉಬ್ಬಿ, ಕೈಕಾಲು ಸಣಕಲಾಗಿ, ದಿನಕ್ಕೆ ಆರೇಳು ಸಲ ಭೇದಿಯಾಗುತ್ತಿತ್ತು. ವಾಮಂಜೂರಿಗೆ ಹೋಗಿ ತಿಂಗಳಾದರೆ ಕೆನ್ನೆ ತುಂಬಿಕೊಂಡು ಗದ್ದೆಯ ಬದುವಿನ ಮೇಲೆ ಓಡುತ್ತಿದ್ದಳು. "ಪೇಟೆಯ ನೀರು ಮಗುವಿಗೆ ಆಗುದಿಲ್ಲ" ಎಂದು ಅಜ್ಜಿ ತೀರ್ಪು ಕೊಟ್ಟಿದ್ದರು. ಬಾಪ ನೀರು ಕುದಿಸಿ ಕೊಟ್ಟು ನೋಡಿದರು, ಬೇರೆ ಬಾವಿಯ ನೀರು ತರಿಸಿ ನೋಡಿದರು, ತಾಯಿತವನ್ನೂ ಕಟ್ಟಿಸಿದರು. ಯಾವುದೂ ನಡೆಯಲಿಲ್ಲ.

ಬಾಪ ಎರಡು ವಾರಕ್ಕೊಮ್ಮೆ ಬಸ್ಸು ಹಿಡಿದು ಅವಳನ್ನು ನೋಡಲು ಹೋಗುತ್ತಿದ್ದರು. ಬರಿಗೈಯಲ್ಲಿ ಹೋಗುವ ಮನುಷ್ಯನಲ್ಲ. ಕಾಗದದ ಪೊಟ್ಟಣದಲ್ಲಿ ರಸ್ಕ್ ಇರಲೇಬೇಕು, ಅದೂ ಅಂಚು ಕೆಂಪಾದದ್ದನ್ನು ಆರಿಸಿ ಆರಿಸಿ ತುಂಬಿದ್ದು. ಅವರು ಬಂದು ಹೋದ ಮೇಲೆ ಒಂದು ವಾರ ತಂಗಿಗೆ ಹೊಟ್ಟೆ ಕೆಡುತ್ತಿತ್ತು. "ತಂದೆಯ ನೆನಪಾಗಿ ಹಾಗಾಗುದು. ನೀನು ಇಷ್ಟು ಸಲ ಬರ್ಬೇಡ" ಎಂದು ಅಜ್ಜಿ ಬಾಪನಿಗೇ ಹೇಳಿದ್ದರಂತೆ.

ಜೂನ್ ತಿಂಗಳಲ್ಲಿ ಅವಳನ್ನು ಶಾಲೆಗೆ ಸೇರಿಸಬೇಕಿತ್ತು. ನಮ್ಮ ಬೀದಿಯ ಶಾಲೆಗೆ ಸೇರಿಸಿದರೆ ಮನೆಗೆ ಬಂದ ಹಾಗೆ. ವಾಮಂಜೂರಿನ ಶಾಲೆಗೆ ಸೇರಿಸಿದರೆ ಅವಳು ಅಲ್ಲಿಯವಳೇ ಆಗಿ ಉಳಿದ ಹಾಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರ ತಲೆಯಲ್ಲೂ ಅದೇ ಇತ್ತು. ಉಮ್ಮ ತಂಗಿಯ ಸಣ್ಣ ಚಾಪೆಯನ್ನು ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಳು. ಗುಡಿಸುವಾಗಲೆಲ್ಲ ಅದನ್ನು ಆಚೆಗಿಟ್ಟು, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಆ ವರ್ಷ ಬೇಸಿಗೆಗೆ ಮುಂಚೆ ನಮ್ಮ ರಸ್ತೆಯಲ್ಲಿ ಹೊಸ ಡಾಕ್ಟರೊಬ್ಬರು ಚಿಕಿತ್ಸಾಲಯ ತೆರೆದರು. ಹೊರದೇಶದಲ್ಲಿ ಓದಿ ಬಂದವರು. ತಂಗಿಯನ್ನು ಕರೆಸಿ, ನಾಲ್ವರೂ ಹೋದೆವು. ಡಾಕ್ಟರು ಅವಳ ಹೊಟ್ಟೆ ತಟ್ಟಿ, ಉಗುರು ನೋಡಿ, ಉಮ್ಮನನ್ನು ಕೇಳಿದರು.

"ಮನೆಯಲ್ಲಿ ಗೋಧಿ ತಿನ್ನುವ ಅಭ್ಯಾಸ ಉಂಟಾ?"

"ಇಲ್ಲ ಡಾಕ್ಟ್ರೇ," ಅಂದಳು ಉಮ್ಮ, ಸ್ವಲ್ಪ ಹೆಮ್ಮೆಯಿಂದಲೇ. "ನಾವು ಗೋಧಿ ತಿನ್ನುವ ಜನ ಅಲ್ಲ. ಮೂರು ಹೊತ್ತೂ ಅಕ್ಕಿಯೇ."

ಉಮ್ಮ ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಊಟ ಎಂದರೆ ಅಕ್ಕಿ. ಗೋಧಿ ಎಂದರೆ ಘಟ್ಟದ ಮೇಲಿನವರ ಚಪಾತಿ. ಚಹಾದಲ್ಲಿ ಅದ್ದುವ ರಸ್ಕನ್ನು, ಕಾಯಿಲೆಯವರಿಗೆ ಕೊಡುವ ಬ್ರೆಡ್ಡನ್ನು, ಬೆಳಗಿನ ಗೋಧಿರವೆಯ ಸಜ್ಜಿಗೆಯನ್ನು ಊಟ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಡಾಕ್ಟರು ತಲೆಯಾಡಿಸಿ ಏನೋ ಬರೆಯಲು ಹೊರಟರು.

ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಮತ್ತೆ ಮೈದಾ? ಅದು ಗೋಧಿಯದ್ದೇ ಅಲ್ವಾ ಬಾಪ?"

ಬಾಪ ನೆಲ ನೋಡಿದರು. ಡಾಕ್ಟರ ಪೆನ್ನು ನಿಂತಿತು. "ನಿಮ್ಮದು ಎಂತ ವ್ಯಾಪಾರ?" ಎಂದು ಕೇಳಿದರು.

"ಬೇಕರಿ" ಅಂದರು ಬಾಪ.

ಡಾಕ್ಟರಿಗೆ ನಗು ಬಂತು. ಬಾಪನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ನಿಧಾನವಾಗಿ ವಿವರಿಸಿದರು. ಕೆಲವು ಮಕ್ಕಳ ಕರುಳಿಗೆ ಗೋಧಿ ಆಗುವುದಿಲ್ಲ. ಹೊರದೇಶದಲ್ಲಿ ಇದು ಈಗೀಗ ಗೊತ್ತಾಗಿದೆ. ಮದ್ದಿಲ್ಲ, ಗೋಧಿ ಬಿಡುವುದೇ ಮದ್ದು. ಸ್ವಲ್ಪವೂ ಹೊಟ್ಟೆಗೆ ಹೋಗಬಾರದು. ಹಾಗೆ ನಡೆದುಕೊಂಡರೆ ಫಳ್ನೀರಿನಲ್ಲೂ ಇರಬಹುದು, ಎಲ್ಲಿ ಬೇಕಾದರೂ ಇರಬಹುದು. ನಾನು ಬಾಪನ ಕಡೆ ನೋಡಿದೆ. ಅವರು ರಸ್ಕಿನ ಪೊಟ್ಟಣಗಳನ್ನು ನೆನೆಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮೂರು ವರ್ಷ ಅವರು ಆರಿಸಿ ಆರಿಸಿ ಕೊಂಡೊಯ್ದದ್ದು ಅದನ್ನೇ.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಏನಾದ್ರೂ ಆಗುದಿಲ್ವಾ?" ಎಂದು ಡಾಕ್ಟರು ಕೊನೆಗೆ ಕೇಳಿದರು.

ಉಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, "ನನಗೆ ಮೊಟ್ಟೆ ಆಗುದಿಲ್ಲ. ತುಟಿ ಊದ್ತದೆ" ಅಂದಳು.

ಬಾಪ ತಿರುಗಿ ನೋಡಿದರು. ಅವರ ಕೇಕಿಗೆ ಒಂದು ಸೇರು ಮೈದಾಕ್ಕೆ ಹನ್ನೆರಡು ಮೊಟ್ಟೆ. ಮದುವೆಯಾದ ವರ್ಷದಿಂದ ಪ್ರತಿ ಹಬ್ಬಕ್ಕೂ ಮೊದಲ ತುಂಡನ್ನು ಅವಳ ಮುಂದೆ ಇಡುತ್ತಿದ್ದರು, ಅವಳು ಪ್ರತಿ ಸಲವೂ "ನನಗೆ ಸಿಹಿ ಸೇರುದಿಲ್ಲ" ಎಂದು ನನ್ನ ತಟ್ಟೆಗೆ ದಾಟಿಸುತ್ತಿದ್ದಳು.

"ಇಷ್ಟು ವರ್ಷ ಎಂತ ಮಾರಾಯ್ತಿ, ಹೇಳ್ಲೇ ಇಲ್ಲ?"

"ನೀವು ಕೇಳ್ಲಿಲ್ಲ" ಅಂದಳು ಉಮ್ಮ.

ಮನೆಗೆ ಬರುವ ದಾರಿಯಲ್ಲೇ ಬಾಪ ಹಟ ತೊಟ್ಟರು. ರಂಜಾನ್ ಉಪವಾಸ ಇನ್ನೇನು ಶುರುವಾಗುವುದಿತ್ತು. ಈ ಹಬ್ಬಕ್ಕೆ ಒಂದು ಕೇಕು ಮಾಡುತ್ತೇನೆ, ಗೋಧಿ ಇಲ್ಲದ್ದು, ಮೊಟ್ಟೆಯೂ ಇಲ್ಲದ್ದು. ಮನೆಯ ಎಲ್ಲರೂ ಒಂದೇ ತಟ್ಟೆಯಿಂದ ತಿನ್ನಬೇಕು. ತಂಗಿ ತಿಂದು ಚೆನ್ನಾಗಿದ್ದರೆ ಅವಳ ಶಾಲೆ ಇಲ್ಲೇ. ತನ್ನ ಒಲೆಯ ತಿಂಡಿಯಿಂದ ಮಗಳು ಊರು ಬಿಟ್ಟದ್ದು, ಅದೇ ಒಲೆಯ ತಿಂಡಿಯಿಂದ ಅವಳು ವಾಪಸು ಬರಬೇಕು ಎಂಬುದು ಅವರ ಲೆಕ್ಕ. ಕೇಕು ತಿನ್ನದಿದ್ದರೆ ಮಗುವಿಗೆ ಎಂತ ನಷ್ಟ, ಗಂಜಿ ಕುಡಿದು ಇರಲಿ ಎಂದು ಉಮ್ಮ ಹೇಳಿ ನೋಡಿದಳು. ಬಾಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಪ್ರಯತ್ನ ನೆನೆದರೆ ನನಗೆ ಈಗಲೂ ನಗು. ಬಾಪ ಮೈದಾ ಇದ್ದಲ್ಲಿ ಅಕ್ಕಿಹಿಟ್ಟು ಹಾಕಿದರು, ಮೊಟ್ಟೆ ಇದ್ದಲ್ಲಿ ಮೊಸರು ಮತ್ತು ಸೋಡಾ. ಉಪವಾಸದ ಬಾಯಲ್ಲಿ ರುಚಿ ನೋಡುವಂತಿಲ್ಲ. ಮೂಗಿನಲ್ಲಿ, ಬೆರಳಲ್ಲಿ ಅಂದಾಜು ಮಾಡಿ ಬೇಯಿಸಿ, ಸಂಜೆ ಮಸೀದಿಯಲ್ಲಿ ಬಾಂಗ್ ಆಗುವವರೆಗೆ ಅದನ್ನು ನೋಡುತ್ತ ಕೂರಬೇಕು. ಬಾಂಗ್ ಆಯಿತು, ಖರ್ಜೂರ ತಿಂದೆವು, ನೀರು ಕುಡಿದೆವು, ಬಾಪ ಚಾಕು ಇಟ್ಟರು. ಕೇಕು ತುಂಡಾಗಲಿಲ್ಲ, ಕುಸಿಯಿತು. ತಟ್ಟೆ ತುಂಬ ಮರಳು. ನಾನು ಚಮಚದಲ್ಲಿ ತಿಂದೆ. "ಹೇಗುಂಟು?" ಎಂದು ಬಾಪ ಕೇಳಿದಾಗ, "ಪಣಂಬೂರು ಸಮುದ್ರದ ಬದಿ ಕೂತು ತಿಂದ ಹಾಗೆ ಉಂಟು" ಅಂದೆ. ಏಟು ಬೀಳುವುದಿತ್ತು, ತಪ್ಪಿಸಿಕೊಂಡೆ.

ಆಗ ಉಮ್ಮ ಬಾಯಿ ಬಿಟ್ಟಳು. "ನಿಮಗೆ ಮೈದಾ ಗೊತ್ತು, ಅಕ್ಕಿ ಗೊತ್ತಿಲ್ಲ. ಅಕ್ಕಿಹಿಟ್ಟು ಹಸಿಯಲ್ಲಿ ಒಂದಕ್ಕೊಂದು ಸೇರುದಿಲ್ಲ. ರೊಟ್ಟಿಗೆ ನಾನು ಎಂತ ಮಾಡ್ತೇನೆ, ನೋಡಿದ್ದೀರಾ?"

ಬಾಪ ನೋಡಿರಲಿಲ್ಲ. ದಿನಾ ತಿನ್ನುತ್ತಿದ್ದರು, ಅಷ್ಟೆ. ಉಮ್ಮ ಅಕ್ಕಿರೊಟ್ಟಿಗೆ ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದುತ್ತಿದ್ದಳು. ಆಮೇಲೆ ಅದನ್ನು ಕಾಗದದಷ್ಟು ತೆಳ್ಳಗೆ ತಟ್ಟಿದರೂ ಹರಿಯುತ್ತಿರಲಿಲ್ಲ. ಕೇಕಿಗೂ ಅದನ್ನೇ ಮಾಡಿ ನೋಡುವುದು ಎಂದಾಯಿತು. ಮೂರರಲ್ಲೊಂದು ಪಾಲು ಹಿಟ್ಟನ್ನು ತೆಂಗಿನ ಹಾಲಿನಲ್ಲಿ ಗಟ್ಟಿ ಗಂಜಿಯ ಹಾಗೆ ಬೇಯಿಸಿ ಆರಿಸುವುದು, ಉಳಿದದ್ದನ್ನು ಅದಕ್ಕೆ ಕಲಸುವುದು. ಉರ್ವದ ಮಾರ್ಕೆಟಿನಿಂದ ಸಿಪ್ಪೆ ಕಪ್ಪಾದ ನೇಂದ್ರ ಬಾಳೆಹಣ್ಣು ತರಿಸಿ ಕಿವುಚಿ ಹಾಕಿದರು. ಗಿರಣಿಯಲ್ಲಿ ಗೋಧಿಯನ್ನೂ ಅರೆಯುತ್ತಾರಲ್ಲ ಎಂದು ನಾನು ಕೇಳಿದ ಮೇಲೆ ಅಕ್ಕಿಯನ್ನು ಮನೆಯ ಒರಳಲ್ಲೇ ಕುಟ್ಟಿದ್ದಾಯಿತು. ಈ ಒಂದು ಪ್ರಶ್ನೆಯ ದಂಡ ಎಂದು ಕುಟ್ಟುವ ಕೆಲಸ ನನಗೇ ಬಂತು. ಬಾಪ ಹೊಸ ಅಚ್ಚು ತಂದರು, ಬೋರ್ಮ ಗುಡಿಸಿದರು, ಸ್ನಾನ ಮಾಡಿ ಒಗೆದ ಮುಂಡು ಉಟ್ಟು ಒಲೆಯ ಮುಂದೆ ನಿಂತರು. ಎಚ್ಚರಿಕೆ ಅಂದರೆ ಅಂಥ ಎಚ್ಚರಿಕೆ.

ಆ ಕೇಕು ಎದ್ದಿತು. ಕಂದು ಬಣ್ಣ, ನಡುವೆ ಸಣ್ಣ ಬಿರುಕು, ತೆಂಗಿನ ಹಾಲಿನ ಪರಿಮಳ. ಹಬ್ಬದ ದಿನ ತಂಗಿ ವಾಮಂಜೂರಿನಿಂದ ಬಂದಳು, ನಾವು ಒಂದೇ ತಟ್ಟೆಗೆ ಕೈ ಹಾಕಿದೆವು. ಅವಳು ಎರಡು ತುಂಡು ತಿಂದಳು. ಉಮ್ಮ ಮಾತ್ರ "ಅವಳಿಗೆ ಆಗಲಿ, ಮತ್ತೆ ನಾನು" ಎಂದು ಮುಟ್ಟಲಿಲ್ಲ; ಸಂತೋಷಕ್ಕೆ ಅವಸರ ಮಾಡುವವಳಲ್ಲ ಅವಳು. ತಂಗಿಯ ಚಾಪೆಯನ್ನು ಮಾತ್ರ ಬಾಗಿಲ ಹಿಂದಿನಿಂದ ತಂದು ನನ್ನ ಪಕ್ಕ ಹಾಸಿದಳು.

ಮೂರನೆಯ ದಿನ ಬೆಳಿಗ್ಗೆ ತಂಗಿಯ ಹೊಟ್ಟೆ ಉಬ್ಬಿತ್ತು. ಮಧ್ಯಾಹ್ನದೊಳಗೆ ನಾಲ್ಕು ಸಲ ಹಿತ್ತಿಲಿಗೆ ಓಡಿದಳು. ಐದನೆಯ ದಿನ ಅಜ್ಜಿ ಬಂದು ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಉಮ್ಮ ಚಾಪೆ ಸುತ್ತಿ ಮತ್ತೆ ಬಾಗಿಲ ಹಿಂದೆ ನಿಲ್ಲಿಸಿದಳು, ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

"ನನ್ನ ಮನೆಯ ಗಾಳಿಯೇ ಅವಳಿಗೆ ಆಗುದಿಲ್ಲ" ಅಂದರು ಬಾಪ. "ಅವಳು ಅಲ್ಲೇ ಓದಲಿ. ಇನ್ನು ಈ ಮಾತು ಬೇಡ."

ಎಲ್ಲರಿಗೂ ದುಃಖ. ನನಗೂ ದುಃಖವೇ, ಆದರೆ ನನ್ನ ದುಃಖದ ಒಳಗೆ ಒಂದು ತುರಿಕೆ ಇತ್ತು. ಗಾಳಿ ಎಂದರೆ ಎಂತ? ಹೊಟ್ಟೆಗೆ ಹೋಗಬಾರದು ಎಂದಲ್ಲವಾ ಡಾಕ್ಟರು ಹೇಳಿದ್ದು? ಮನೆಯಲ್ಲಿ ಅವಳು ತಿಂದದ್ದು ಗಂಜಿ, ಮೀನುಸಾರು, ಅಕ್ಕಿರೊಟ್ಟಿ, ಮತ್ತು ಕೇಕು. ಗಂಜಿ ಮೀನು ರೊಟ್ಟಿಯನ್ನು ಅಜ್ಜಿಯ ಮನೆಯಲ್ಲೂ ತಿನ್ನುತ್ತಾಳೆ. ಹಾಗಾದರೆ ಉಳಿದದ್ದು ಕೇಕು. ಕೇಕಿಗೆ ಬಿದ್ದದ್ದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನಾ? ಯೋಚಿಸಿದರೆ, ಕಲಸುವವರೆಗೆ ನೋಡಿದ್ದೆ. ಆಮೇಲೆ ಒರಳು ತೊಳೆಯಲು ಉಮ್ಮ ಕರೆದಿದ್ದಳು.

ಇನ್ನೊಂದು ಸಲ ಮಾಡಿ, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ ಎಂದು ಬಾಪನ ಬೆನ್ನು ಹತ್ತಿದೆ. ಬೈದರು. ಮರುದಿನ ಮತ್ತೆ ಕೇಳಿದೆ, ಮತ್ತೆ ಬೈದರು. ನಾಲ್ಕನೆಯ ದಿನ, "ಈ ಹುಡುಗಿ ನನ್ನನ್ನು ಕೊಂದೇ ಬಿಡ್ತದೆ" ಎಂದು ಗೊಣಗಿ, ಮಧ್ಯಾಹ್ನ ಒಲೆ ಖಾಲಿ ಇರುವಾಗ ಕೆಲಸಕ್ಕೆ ನಿಂತರು. ಪುನಃ ಸ್ನಾನ, ಒಗೆದ ಮುಂಡು. ನಾನು ಬಿಸ್ಕತ್ತಿನ ಡಬ್ಬವೊಂದನ್ನು ಮಗುಚಿ ಹಾಕಿ ಕೂತು, ಶಾಲೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದೆ. ಅಕ್ಕಿಹಿಟ್ಟು. ತೆಂಗಿನ ಹಾಲು. ಬಾಳೆಹಣ್ಣು. ಸಕ್ಕರೆ. ತುಪ್ಪ. ಮೊಸರು. ಸೋಡಾ. ಏಲಕ್ಕಿ. ಕಲಸಿದ್ದಾಯಿತು. ಬಾಪ ಅಚ್ಚನ್ನು ಎಳೆದುಕೊಂಡು ಬೆರಳಿಂದ ಎಣ್ಣೆ ಸವರಿದರು. ಎಣ್ಣೆ ಎಂದು ಬರೆದೆ. ತಲೆ ಎತ್ತಿದಾಗ ಅವರು ಕೇಕಿನ ಪಾತ್ರೆಯ ಕಡೆ ನೋಡುತ್ತಿದ್ದರು. ಅವರ ಎಡಗೈ ಮಾತ್ರ, ಯಾರ ಅಪ್ಪಣೆಯನ್ನೂ ಕೇಳದೆ, ಮೇಜಿನ ಎಡ ಮೂಲೆಯಲ್ಲಿ ಯಾವಾಗಲೂ ಇರುವ, ಮೈದಾ ತುಂಬಿದ ಮರದ ಮರಿಗೆಗೆ ಇಳಿದು, ಒಂದು ಹಿಡಿ ತೆಗೆದು, ಅಚ್ಚಿನೊಳಗೆ ಎರಚಿತು. ಬಲಗೈ ಅಚ್ಚನ್ನು ಒಂದು ಸುತ್ತು ತಿರುಗಿಸಿ, ತಟ್ಟಿ, ಹೆಚ್ಚಾದದ್ದನ್ನು ಉದುರಿಸಿತು. ಕಣ್ಣು ಮಿಟುಕಿಸುವುದರೊಳಗೆ ಮುಗಿದು ಹೋಯಿತು.

"ಬಾಪ, ಅದೆಂತ?"

"ಯಾವುದು?"

"ಈಗ ಹಾಕಿದ್ದು."

"ನಾನು ಎಂತ ಹಾಕಿದೆ? ಎಣ್ಣೆ ಹಚ್ಚಿದೆ."

"ಎಣ್ಣೆ ಆದ ಮೇಲೆ."

ಬಾಪ ಅಚ್ಚಿನೊಳಗೆ ಬಗ್ಗಿ ನೋಡಿದರು. ತಳದಲ್ಲೂ ಬದಿಗಳಲ್ಲೂ ಬೆಳ್ಳಗೆ ಒಂದು ಪದರ. ಕೇಕು ತಳ ಹಿಡಿಯದ ಹಾಗೆ ಮಾಡುತ್ತಿದ್ದದ್ದು ಅದೇ, ಕೊಂಕಣಿ ಹೆಂಗಸರು ಹೊಗಳುತ್ತಿದ್ದದ್ದೂ ಅದನ್ನೇ. ಬಾಪ ಅಚ್ಚನ್ನು ಕೆಳಗಿಟ್ಟು ಎಡಗೈಯನ್ನು ಮುಂದೆ ಹಿಡಿದು ತುಂಬ ಹೊತ್ತು ನೋಡಿದರು.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಖುಷಿ. ಕಂಡುಹಿಡಿದೆ ಎಂಬ ಖುಷಿಗೆ ಡಬ್ಬದ ಮೇಲಿಂದ ಎದ್ದು ಕುಣಿಯುವುದಿತ್ತು. ಅಷ್ಟರಲ್ಲಿ ಬಾಪ ನೆಲದ ಮೇಲೆ ಕೂತು ಬಿಟ್ಟರು, ಮೈದಾದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಬಾಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಬಹಳ ನಾಚಿಕೆಯಾಯಿತು. ಪೆನ್ಸಿಲನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಅವರ ಪಕ್ಕ ಕೂತೆ.

"ನನ್ನ ಕೈಯೇ" ಅಂದರು ಬಾಪ.

ಇಷ್ಟು ಗೊತ್ತಾದ ಮೇಲೆ ಸುಲಭ ಎಂದುಕೊಂಡಿದ್ದೆ. ಸುಲಭವಾಗಲಿಲ್ಲ. ಮೇ ತಿಂಗಳ ಕೊನೆಗೆ ತಂಗಿಯನ್ನು ಇನ್ನೊಮ್ಮೆ ಕರೆಸುವುದೆಂದಾಯಿತು, ಶಾಲೆ ತೆರೆಯಲು ಆಗ ಇನ್ನೂ ಎರಡು ವಾರ ಇರುತ್ತಿತ್ತು. ಅದಕ್ಕೆ ಮುಂಚೆ ಬಾಪ ಬರಿಯ ಅಚ್ಚಿನಲ್ಲಿ ಅಭ್ಯಾಸ ಮಾಡಿದರು. ಮರಿಗೆಯನ್ನು ಮೇಜಿನಿಂದ ಎತ್ತಿ ಹೊರಗಿಟ್ಟರು. ಎಣ್ಣೆ ಸವರಿದ ಕೂಡಲೇ ಎಡಗೈ ಖಾಲಿ ಜಾಗಕ್ಕೆ ಹೋಗಿ ತಡಕಾಡಿತು. ಎರಡನೆಯ ಸಲವೂ ಹೋಯಿತು, ಮೂರನೆಯ ಸಲವೂ. ಇವತ್ತು ಮರಿಗೆ ಹೊರಗಿದೆ ಸರಿ, ನಾಳೆ ಯಾರೋ ತಂದಿಟ್ಟರೆ? ಬಾಪನಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ನನ್ನ ಮೇಲೂ ನಂಬಿಕೆ ಇರಲಿಲ್ಲ, ಯಾಕೆಂದರೆ ನಾನೂ ಆ ಮೇಜಿನ ಬಳಿಯೇ ಬೆಳೆದವಳು. ಒಮ್ಮೆ ನೋಡಿದರೆ ನನ್ನ ಎಡಗೈಯೂ ಅದೇ ಕಡೆ ಹೊರಟಿತ್ತು.

ತಂಗಿ ಬಂದ ದಿನ ಮಧ್ಯಾಹ್ನ ಉಮ್ಮ ಮನೆಯ ಅಡಿಗೆಕೋಣೆಯಲ್ಲೇ ಎಲ್ಲ ಕಲಸಿದಳು. ಬಾಪ ಬೇಕರಿಯ ಬಾಗಿಲು ಹಾಕಿಸಿ, ಅಡಿಗೆಕೋಣೆಗೆ ಬಂದು, ತಂಗಿಯನ್ನು ಮಣೆಯ ಮೇಲೆ ನಿಲ್ಲಿಸಿದರು. ಅವಳ ಕೈಗೆ ಅಕ್ಕಿಹಿಟ್ಟು ತುಂಬಿದ ತೆಂಗಿನ ಗೆರಟೆ ಕೊಟ್ಟರು. ತಾನು ಅಚ್ಚಿಗೆ ಎಣ್ಣೆ ಸವರಿದರು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಈಗ ನೀನು ಹಾಕು."

ಮೂರು ವರ್ಷ ಅಕ್ಕಿಯನ್ನು ಬಿಟ್ಟು ಬೇರೆ ಹಿಟ್ಟು ಮುಟ್ಟದ ಕೈ ಅದು. ತಂಗಿ ಉಸಿರು ಹಿಡಿದು ಹಿಟ್ಟು ಎರಚಿದಳು. ಅರ್ಧ ಅಚ್ಚಿಗೆ ಬಿತ್ತು, ಅರ್ಧ ಬಾಪನ ಮುಂಡಿಗೆ. ಬಾಪ ಬಲಗೈಯಲ್ಲಿ ಅಚ್ಚು ತಿರುಗಿಸಿದರು, ಅವಳು ತಟ್ಟಿದಳು. ಕೇಕು ಬೆಂದದ್ದು ಬೋರ್ಮದಲ್ಲಲ್ಲ. ಅಡಿಗೆಕೋಣೆಯ ಒಲೆಯ ಮೇಲೆ, ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ ಇಟ್ಟು. ಬಾಪನ ಒಲೆಯ ಹಟ ಅಲ್ಲಿಗೆ ಮುಗಿಯಿತು. ತಳ ಸ್ವಲ್ಪ ದಪ್ಪವಾಗಿ, ಬಿಳಿ ಬಿಳಿಯಾಗಿ ಬಂತು, ಆದರೆ ಹಿಡಿಯಲಿಲ್ಲ.

ತಂಗಿ ತಿಂದಳು. ನಾನು ತಿಂದೆ. ಬಾಪ ಒಂದು ತುಂಡನ್ನು ಉಮ್ಮನ ಮುಂದೆ ಇಟ್ಟರು, ಅವಳ ಬಾಯಿಯನ್ನೇ ನೋಡುತ್ತ ನಿಂತರು. ಈ ಸಲ ಉಮ್ಮ ಅದನ್ನು ನನ್ನ ತಟ್ಟೆಗೆ ದಾಟಿಸಲಿಲ್ಲ. ನಿಧಾನವಾಗಿ ಮುರಿದು, ಅಗಿದು, ನುಂಗಿದಳು.

"ಸಕ್ಕರೆ ಸ್ವಲ್ಪ ಹೆಚ್ಚಾಯ್ತು" ಅಂದಳು. ಆಮೇಲೆ ಇನ್ನೊಂದು ತುಂಡು ತೆಗೆದುಕೊಂಡಳು.

ಮೂರನೆಯ ದಿನ ನಾವೆಲ್ಲ ತಂಗಿಯ ಹೊಟ್ಟೆಯನ್ನೇ ನೋಡುತ್ತಿದ್ದೆವು, ಪಾಪ, ಅವಳಿಗೆ ಅಂಗಿ ಎತ್ತಿ ತೋರಿಸಿಯೇ ಸಾಕಾಯಿತು. ಏನೂ ಆಗಲಿಲ್ಲ. ಐದನೆಯ ದಿನ ಕಳೆಯಿತು. ಬಾಪ ಪ್ರತಿ ಸಲ ಬೇಕರಿಯಿಂದ ಬರುವಾಗ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಮುಂಡು ಬದಲಿಸಿಯೇ ಒಳಗೆ ಬರುತ್ತಿದ್ದರು. ಎಂಟನೆಯ ದಿನ ಬೆಳಿಗ್ಗೆ ತಂಗಿ ತಾನೇ ಚಾಪೆ ಸುತ್ತಿ, ಎರಡೂ ಕೈಯಲ್ಲಿ ಅಪ್ಪಿಕೊಂಡು, ಬಾಪನ ಮುಂದೆ ಬಂದು ನಿಂತಳು. ಫಳ್ನೀರಿಗೆ ಬಂದದ್ದೆಂದರೆ ವಾಪಸು ಹೋಗುವುದು ಎಂದೇ ಅವಳು ತಿಳಿದಿದ್ದಳು.

"ಬಸ್ಸು ಯಾವಾಗ ಬಾಪ?"

ಬಾಪ ಎಡಗೈಯನ್ನು ಅವಳ ಮುಂದೆ ಚಾಚಿದರು.

"ನೀನು ಹೋದ್ರೆ ಅಚ್ಚಿಗೆ ಹಿಟ್ಟು ಹಾಕುದು ಯಾರು? ಈ ಕೈಯನ್ನು ನಂಬ್ಲಿಕ್ಕೆ ಆಗ್ತದಾ?"

ತಂಗಿ ಆ ಕೈಯನ್ನು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡಿದಳು. ಆಗುವುದಿಲ್ಲ ಎಂದು ತಲೆಯಾಡಿಸಿದಳು. ಉಮ್ಮ ಹಿಂದಿನಿಂದ ಬಂದು ಅವಳ ತೋಳಿನಿಂದ ಚಾಪೆ ತೆಗೆದುಕೊಂಡು, ಹಗಲು ಹೊತ್ತಿನಲ್ಲೇ, ನನ್ನ ಚಾಪೆಯ ಪಕ್ಕ ಹಾಸಿದಳು.